ಖಾಲಿ ಬ್ಯಾಟರಿಯ ಮೈಲೇಜು

ನಮ್ಮೂರಿಗೆ ಹೊಸದಾಗಿ ಬಂದವರೆಲ್ಲ ಮಾಡುವ ಮೊದಲ ತಪ್ಪು ಒಂದೇ. ಯಾರದ್ದಾದರೂ ಕಾರು ನೋಡಿ, ಬಾನೆಟ್ಟಿನ ಮೇಲೆ ಕೈಯಿಟ್ಟು, ಹಲ್ಲು ಬಿಟ್ಟುಕೊಂಡು, "ಎಷ್ಟು ಕೊಡುತ್ತೆ ಸಾರ್?" ಅಂತ ಕೇಳಿಬಿಡುತ್ತಾರೆ. ಬೇರೆ ಊರಲ್ಲಿ ಅದು ಊಟ ಆಯ್ತಾ ಅಂತ ಕೇಳಿದ ಹಾಗೆ. ನಮ್ಮಲ್ಲಿ ಅದು, ನೀವೂ ನಿಮ್ಮ ಹೆಂಡತಿಯೂ ಮಾತಾಡ್ತಿದ್ದೀರಾ ಇಲ್ಲವಾ ಅಂತ ಕೇಳಿದ ಹಾಗೆ. ಪಾಪ, ಅವರಿಗೇನು ಗೊತ್ತು! ಕಾರಿನ ಯಜಮಾನ ಮುಖ ಗಂಟಿಕ್ಕಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ, ಪಕ್ಕದ ಅಂಗಡಿಯವರು ಕರೆದು ಕೂರಿಸಿ, ಕಾಫಿ ಕೊಟ್ಟು, ವಿಷಯ ತಿಳಿಸುತ್ತಾರೆ.

ವಿಷಯ ಇಷ್ಟೇ. ನಮ್ಮೂರ ದಾರಿ ಹಿಗ್ಗುತ್ತೆ. ಒಂದು ಗಾಡಿಯಲ್ಲಿ ಕೂತವರ ನಡುವೆ ಆಡದೆ ಉಳಿದ ಮಾತಿದ್ದರೆ ಹೋಗಬೇಕಾದ ಜಾಗ ಬೇಗ ಬರುವುದಿಲ್ಲ. ಎರಡು ಕಿಲೋಮೀಟರಿನ ಸಂತೆಪೇಟೆ ಐದಾಗುತ್ತೆ, ಏಳಾಗುತ್ತೆ. ನಾವೇನು ಅದಕ್ಕೆ ತಲೆ ಕೆಡಿಸಿಕೊಂಡು ಕೂತಿಲ್ಲ. ಬಸ್ಸು ಹೊರಡುವ ಮುಂಚೆ ಕಂಡಕ್ಟರು, "ಮಾತು ಬಿಟ್ಟೋರು ಯಾರಾದ್ರೂ ಇದ್ದೀರೇನ್ರೀ? ಒಬ್ರು ಇಳ್ಕೊಂಡು ಹಿಂದಿನ ಬಸ್ಸಿಗೆ ಬನ್ನಿ, ಎಲ್ರಿಗೂ ಆಫೀಸಿದೆ" ಅಂತ ಕೂಗುತ್ತಾನೆ. ಯಾರಾದರೂ ಇಬ್ಬರು ಮುಖ ಮುಖ ನೋಡಿಕೊಳ್ಳುತ್ತಾರೆ, ಒಬ್ಬರು ಇಳಿಯುತ್ತಾರೆ. ಮದುವೆಯಲ್ಲಿ ಬೀಗರನ್ನು ಒಂದೇ ವ್ಯಾನಿಗೆ ಹತ್ತಿಸುವುದಿಲ್ಲ. ಹಾಗೆ ಹತ್ತಿಸಿದ ಒಂದು ಮನೆಯವರು ಮುಹೂರ್ತ ಮುಗಿದು, ಊಟ ಮುಗಿದು, ಶಾಮಿಯಾನ ಬಿಚ್ಚುವಾಗ ಬಂದರು.

ಹೀಗಾಗಿ ಒಂದು ಮನೆಯ ಕಾರು ಲೀಟರಿಗೆ ಎಷ್ಟು ಕೊಡುತ್ತೆ ಅಂತ ಗೊತ್ತಾದರೆ ಆ ಮನೆ ಹೇಗಿದೆ ಅಂತಲೂ ಗೊತ್ತಾದ ಹಾಗೆ. ಅದಕ್ಕೇ ಅಳತೆ ಕಚೇರಿ ಇರುವುದು. ಯಾರಾದರೂ ಮಗುವನ್ನು ದತ್ತು ತೆಗೆದುಕೊಳ್ಳಬೇಕೆಂದರೆ, ವಯಸ್ಸಾದವರನ್ನು ಮನೆಗೆ ಕರೆತಂದು ನೋಡಿಕೊಳ್ಳುತ್ತೇವೆ ಎಂದರೆ, ನಮ್ಮ ಕಚೇರಿಯ ಚೀಟಿ ಬೇಕು. ನಾನು ಜಲಜ. ಇಪ್ಪತ್ತಾರು ವರ್ಷ ಆ ಕಚೇರಿಯಲ್ಲಿ ಹಿಂದಿನ ಸೀಟಿನಲ್ಲಿ ಕೂತವಳು. ಟ್ಯಾಂಕು ಬಾಯಿಮಟ್ಟ ತುಂಬಿಸಿ, ಮನೆಯವರನ್ನೆಲ್ಲ ಕೂರಿಸಿಕೊಂಡು, ಕಚೇರಿಯಿಂದ ಹೊರಟು ಹನ್ನೆರಡು ಕಲ್ಲು ದಾಟಿ ವಾಪಸ್ ಕಚೇರಿಗೆ ಬರುವುದು. ಕಲ್ಲಿಗೆ ಒಂದು ಕಿಲೋಮೀಟರ್. ಮೀಟರು ಎಷ್ಟಾದರೂ ತೋರಿಸಲಿ, ನಮ್ಮ ಲೆಕ್ಕಕ್ಕೆ ಅದು ಹನ್ನೆರಡೇ. ಬಂದ ಮೇಲೆ ಮತ್ತೆ ಟ್ಯಾಂಕು ತುಂಬಿಸಿ, ಎಷ್ಟು ಹಿಡಿಯಿತೋ ಅದರಿಂದ ಹನ್ನೆರಡನ್ನು ಭಾಗಿಸಿ ಚೀಟಿ ಬರೆಯುವುದು. ಹದಿನೆಂಟರ ಮೇಲೆ ಬಂದರೆ ಸೀಲು. ಕೆಳಗೆ ಬಂದರೆ ಮನೆಗೆ ಹೋಗಿ ಮಾತಾಡಿಕೊಂಡು ಬನ್ನಿ ಅಂತ ಕಳಿಸುವುದು.

ಈ ಕೆಲಸಕ್ಕೆ ಓದು ಬೇಡ, ಆದರೆ ಯಾರ ಮೇಲೂ ಮುನಿಸಿರಬಾರದು. ನಾನೂ ಗಾಡಿಯಲ್ಲಿ ಕೂತವಳೇ ಅಲ್ಲವೆ? ನನ್ನ ಹೊಟ್ಟೆಯಲ್ಲಿ ಏನಾದರೂ ಇದ್ದರೆ ಕಂಡವರ ಚೀಟಿ ಹಾಳಾಗುತ್ತೆ. ಪ್ರತಿ ಸಂಕ್ರಾಂತಿಗೆ ಎಳ್ಳುಬೆಲ್ಲದ ಡಬ್ಬಿ ಹಿಡಿದುಕೊಂಡು ಆ ವರ್ಷ ಯಾರ ಜೊತೆ ಏನೇನಾಯಿತೋ ಅವರ ಮನೆಗೆಲ್ಲ ಹೋಗಿ, ಇದ್ದದ್ದು ಇದ್ದ ಹಾಗೆ ಹೇಳಿ ಬರುತ್ತಿದ್ದೆ. ಮದುವೆ ಆಗಲಿಲ್ಲ, ಅಣ್ಣತಮ್ಮಂದಿರಿಲ್ಲ, ಆಸ್ತಿ ಇಲ್ಲ. ಮುನಿಸಿಕೊಳ್ಳುವುದಕ್ಕೆ ಜನವೇ ಇರಲಿಲ್ಲ ಅನ್ನಿ. ಜಲಜಕ್ಕನಷ್ಟು ಹಗುರ ಯಾರೂ ಇಲ್ಲ ಅಂತ ಊರವರು ಹೇಳುತ್ತಿದ್ದರು, ನಾನೂ ನಂಬಿದ್ದೆ.

ಎಲ್ಲ ಸರಿಯಾಗಿ ನಡೀತಿದ್ದಾಗ ಬಂದವು ನೋಡಿ, ಈ ಬ್ಯಾಟರಿ ಕಾರುಗಳು. ಮೊದಲು ಬಂದದ್ದು ಹೈಬ್ರಿಡ್, ಪೆಟ್ರೋಲ್ ಇಂಜಿನ್ನಿನ ಜೊತೆಗೆ ಪುಟ್ಟದೊಂದು ಬ್ಯಾಟರಿ. ಅದರಿಂದ ಅಂಥ ತೊಂದರೆ ಆಗಲಿಲ್ಲ. ಅದಕ್ಕೆ ಚಾರ್ಜಿಗೆ ಹಾಕುವ ಕೆಲಸವಿಲ್ಲ, ಬ್ರೇಕು ಒತ್ತಿದಾಗೆಲ್ಲ ತನ್ನ ಕರೆಂಟು ತಾನೇ ಮಾಡಿಕೊಳ್ಳುತ್ತೆ. ಖಾಲಿ ಹೆದ್ದಾರಿಗಿಂತ ನಿಂತು ನಿಂತು ಹೋಗುವ ಪೇಟೆಯಲ್ಲೇ ಹೆಚ್ಚು ಕೊಡುತ್ತೆ. ಆದರೂ ಕೊನೆಗೆ ಎಲ್ಲ ಪೆಟ್ರೋಲಿನದ್ದೇ ಲೆಕ್ಕ. ಆಮೇಲೆ ಬಂದದ್ದು ಗೋಡೆಗೆ ಪ್ಲಗ್ಗು ಚುಚ್ಚುವ ಕಾರು. ಅದರಲ್ಲೂ ಎರಡೂ ಉಂಟು, ಆದರೆ ಬ್ಯಾಟರಿ ದೊಡ್ಡದು. ಪೂರ್ತಿ ಚಾರ್ಜಿದ್ದರೆ ನಲವತ್ತು ಕಿಲೋಮೀಟರ್ ಒಂದು ತೊಟ್ಟು ಪೆಟ್ರೋಲ್ ಮುಟ್ಟುವುದಿಲ್ಲ. ಗಂಡ ಹೆಂಡತಿ ವರ್ಷಗಟ್ಟಲೆ ಮಾತು ಬಿಟ್ಟಿರಲಿ, ಹನ್ನೆರಡು ಕಲ್ಲಿನ ದಾರಿ ಮೂವತ್ತೈದಾಗಲಿ, ಟ್ಯಾಂಕು ಹಾಗೇ ಇರುತ್ತೆ. ಗಾಜಿನ ಮೇಲೆ ಕಂಪನಿಯವರು ಅಂಟಿಸಿದ ಕಾಗದದಲ್ಲಿ ಲೀಟರಿಗೆ ಅರವತ್ತೆರಡು ಅಂತ ಬೇರೆ. ಊರಲ್ಲಿ ಯಾರ ಮನೆ ನೆಟ್ಟಗಿರಲಿಲ್ಲವೋ ಅವರೆಲ್ಲ ಓಡಿಹೋಗಿ ಅದನ್ನೇ ಕೊಂಡರು! ಅದಕ್ಕೇ ಕಚೇರಿಯಲ್ಲಿ ಹೊಸ ನಿಯಮ ಬಂತು. ಚುಚ್ಚುವ ಕಾರನ್ನು ಎರಡು ಸಲ ಅಳೆಯಬೇಕು. ತುಂಬಿದ ಬ್ಯಾಟರಿಯಲ್ಲಿ ಒಂದು ಸುತ್ತು, ಪುಸ್ತಕಕ್ಕೆ. ಖಾಲಿ ಬ್ಯಾಟರಿಯಲ್ಲಿ ಒಂದು ಸುತ್ತು, ಚೀಟಿಗೆ.

ಮಂದಾಕಿನಿ, ತಿಪ್ಪೇಶ ಅಂಥದೊಂದು ಕಾರು ತಂದು ಕಚೇರಿ ಮುಂದೆ ನಿಲ್ಲಿಸಿದ್ದು ಒಂದು ಸೋಮವಾರ. ತಿಪ್ಪೇಶನದು ಹಿಟ್ಟಿನ ಗಿರಣಿ. ಕೈಮೇಲಿನ ಕೂದಲಲ್ಲೆಲ್ಲ ಹಿಟ್ಟು. ಮಂದಾಕಿನಿ ಬ್ಲೌಸು ಹೊಲಿಯುತ್ತಾಳೆ, ಮಾತಾಡುವಾಗ ಕತ್ತಿನಲ್ಲಿರುವ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುವ ಅಭ್ಯಾಸ. ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಿಲ್ಲ. ಸೆಕೆಂಡ್ ಹ್ಯಾಂಡ್ ಕಾರು. ಗಾಜಿನ ಮೇಲಿನ ಕಾಗದವನ್ನು ಕಿತ್ತಿರಲಿಲ್ಲ, ಒರೆಸಿ ಹೊಳೆಯುವ ಹಾಗೆ ಇಟ್ಟಿದ್ದರು.

"ಅರವತ್ತೆರಡು ಅಂತ ಬರೆದಿದೆಯಲ್ಲ ಮೇಡಂ," ಅಂದ ತಿಪ್ಪೇಶ, "ನಿಮಗೆ ಬೇಕಾಗಿರೋದು ಹದಿನೆಂಟು ತಾನೆ?" ನಾನು ನಕ್ಕೆ. "ಅದು ಸುಳ್ಳಲ್ಲಪ್ಪ. ದಿನಾ ಚಾರ್ಜಿಗೆ ಹಾಕಿ, ಗಿರಣಿಗೂ ಮನೆಗೂ ಓಡಾಡೋರಿಗೆ ಅದು ಅರವತ್ತೆರಡೇ. ಚಾರ್ಜು ಮುಗಿದ ಮೇಲೆ ಅಷ್ಟು ಭಾರದ ಬ್ಯಾಟರಿ ಹೊತ್ಕೊಂಡು ಪೆಟ್ರೋಲಲ್ಲೇ ಓಡಬೇಕು, ಆಗ ಇಪ್ಪತ್ತೆರಡು ಕೊಟ್ರೆ ಹೆಚ್ಚು. ನಮಗೆ ಆ ಲೆಕ್ಕ ಬೇಕಾಗಿರೋದು." ಅವನ ಮುಖ ಸಪ್ಪಗಾಯಿತು. ಮಂದಾಕಿನಿ ಮಾತ್ರ, "ಇಪ್ಪತ್ತೆರಡಾದ್ರೂ ಸಾಕಲ್ಲ ಬಿಡಿ. ನಮ್ಮ ಮನೇಲಿ ಮುಚ್ಚಿಡೋಂಥದ್ದು ಏನೂ ಇಲ್ಲ ಜಲಜಕ್ಕ" ಅಂದಳು. ಕಣ್ಣು ನೋಡಿದರೆ ನಿಜ ಅನ್ನಿಸಿತು. ಅರ್ಜಿ ಕೈಗೆ ತೆಗೆದುಕೊಂಡೆ. ದತ್ತು ಪಡೆಯುವ ಮಗು: ತುಂಗಿ, ನಾಲ್ಕು ವರ್ಷ, ಮಕ್ಕಳ ಮನೆ, ಕೆರೆ ಬೀದಿ.

ತುಂಗಿ ನನಗೆ ಗೊತ್ತು. ಎರಡು ವರ್ಷದಿಂದ ಪ್ರತಿ ಭಾನುವಾರ ಹುರಿಹಿಟ್ಟಿನ ಉಂಡೆ ಕಟ್ಟಿಕೊಂಡು ಮಕ್ಕಳ ಮನೆಗೆ ಹೋಗುತ್ತಿದ್ದೆ. ಇಪ್ಪತ್ತು ಮಕ್ಕಳಿಗೆ ಇಪ್ಪತ್ತು ಉಂಡೆ. ಆದರೆ ತಲೆ ಬಾಚಿ ಜಡೆ ಹಾಕುತ್ತಿದ್ದದ್ದು ತುಂಗಿಗೆ ಮಾತ್ರ. ಅವಳು ನನ್ನ ಮಂಡಿಗಳ ನಡುವೆ ಕೂತು, ಎಳೆದಾಗೆಲ್ಲ "ನಿಧಾನಾ!" ಅಂತ ಗದರುತ್ತಿದ್ದಳು. ಐವತ್ತೈದು ದಾಟಿದವರಿಗೆ ಮಗು ಕೊಡುವುದಿಲ್ಲ ಅನ್ನುವುದು ನಿಯಮ. ನನಗೆ ಐವತ್ತೇಳು. ಕೇಳುವ ಪ್ರಶ್ನೆಯೇ ಇರಲಿಲ್ಲ, ಕೇಳಲೂ ಇಲ್ಲ. ಅರ್ಜಿ ಓದಿ ನನಗೆ ಸಂತೋಷವಾಯಿತು. ಸಂತೋಷವಾಯಿತು ಅಂತ ನನಗೆ ನಾನೇ ಎರಡು ಸಲ ಹೇಳಿಕೊಂಡೆ.

ಬ್ಯಾಟರಿ ತುಂಬಿದ ಸುತ್ತು ಮುಗಿಸಿದೆವು, ನಿರೀಕ್ಷೆಯಂತೆ ಟ್ಯಾಂಕು ಒಂದು ಹನಿಯೂ ಹಿಡಿಯಲಿಲ್ಲ. ಆಮೇಲೆ ಊರೆಲ್ಲ ಸುತ್ತಿ ಬ್ಯಾಟರಿ ಖಾಲಿ ಮಾಡಿಕೊಂಡು ಬಂದರು, ಖಾಲಿಯ ಸುತ್ತು ಹೊರಟೆವು. ದಾರಿಯುದ್ದಕ್ಕೂ ಗಂಡ ಹೆಂಡತಿ ಕೊಠಡಿಗೆ ಯಾವ ಬಣ್ಣದ ಸುಣ್ಣ, ಮಗುವಿಗೆ ಹಾಲು ಇಷ್ಟವೋ ರಾಗಿ ಗಂಜಿ ಇಷ್ಟವೋ ಅಂತ ಬಾಯಿತುಂಬ ಮಾತಾಡಿದರು. ನಾನು ಹಿಂದೆ ಕೂತು ಕಿಟಕಿ ನೋಡುತ್ತಿದ್ದೆ. ಅವಳಿಗೆ ಗಂಜಿ ಇಷ್ಟ, ಬೆಲ್ಲ ಹಾಕಬೇಕು, ಅಂತ ಬಾಯಿಗೆ ಬಂದದ್ದನ್ನು ಹೇಳಲಿಲ್ಲ. ಹನ್ನೆರಡನೇ ಕಲ್ಲು ದಾಟಿದಾಗ ಮೀಟರಿನಲ್ಲಿ ಇಪ್ಪತ್ತು ಕಿಲೋಮೀಟರ್ ಆಗಿತ್ತು. ಲೆಕ್ಕ ಹಾಕಿದರೆ ಲೀಟರಿಗೆ ಹದಿಮೂರು. ನಾನು ಪುಸ್ತಕದಲ್ಲಿ ಬರೆದು, "ಮನೆಗೆ ಹೋಗಿ ಮಾತಾಡ್ಕೊಂಡು ಬನ್ನಿ" ಅಂದೆ. ಇಪ್ಪತ್ತಾರು ವರ್ಷದಲ್ಲಿ ಅದೆಷ್ಟು ಸಲ ಹೇಳಿದ್ದೆನೋ.

ಮುಂದಿನ ಸೋಮವಾರ ಎರಡನೇ ಸುತ್ತಿಗೆ ಬಂದಾಗ ಇಬ್ಬರೂ ಸೊರಗಿಹೋಗಿದ್ದರು. ಮಾತಿಗೆ ಮುಂಚೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅಂದು ಬಂದದ್ದು ಹನ್ನೆರಡು. ಒಂದು ಅರ್ಜಿಗೆ ಖಾಲಿಯ ಸುತ್ತು ಮೂರೇ. ಮೂರೂ ತಪ್ಪಿದರೆ ಮತ್ತೆ ಅರ್ಜಿ ಹಾಕಲು ಎರಡು ವರ್ಷ ಕಾಯಬೇಕು. ಅಷ್ಟರಲ್ಲಿ ತುಂಗಿಗೆ ಐದು ತುಂಬಿ, ಎಲ್ಲ ಮಕ್ಕಳ ಹಾಗೆ ದೂರದ ಊರಿನ ಹಾಸ್ಟೆಲಿಗೆ ಹೋಗಿರುತ್ತಾಳೆ. ಇದು ಅವರಿಗೂ ಗೊತ್ತು, ನನಗೂ ಗೊತ್ತು. ಆ ಎರಡು ವಾರ ನಾನು ಮಕ್ಕಳ ಮನೆಗೆ ಹೋಗಲಿಲ್ಲ. ಮೊದಲನೇ ಭಾನುವಾರ ಮಂಡಿ ನೋವು ಅಂದುಕೊಂಡೆ. ಎರಡನೇ ಭಾನುವಾರ ನೆಪ ಹುಡುಕುವುದಕ್ಕೂ ಹೋಗದೆ ಮನೆಯಲ್ಲೇ ಕೂತೆ.

ಮಂದಾಕಿನಿ ನನ್ನ ಮನೆಗೇ ಬಂದಳು, ಎರಡನೇ ಸುತ್ತು ಮುಗಿದ ವಾರ, ಗುರುವಾರ ಮಧ್ಯಾಹ್ನ, ಬಿಸಿಲಲ್ಲಿ ನಡೆದುಕೊಂಡು. ಮುಖ ಅರಳಿತ್ತು. "ಜಲಜಕ್ಕಾ, ಗೊತ್ತಾಯ್ತು ನನಗೆ. ನಾವಿಬ್ರೇ ಬ್ಯಾಟರಿ ಖಾಲಿ ಮಾಡ್ಕೊಂಡು ಅದೇ ದಾರೀಲಿ ಹೋಗಿ ಬಂದ್ವಿ. ಮೀಟರಲ್ಲಿ ಹನ್ನೆರಡಕ್ಕೆ ಹನ್ನೆರಡೇ! ಲೀಟರಿಗೆ ಇಪ್ಪತ್ತೆರಡು. ನಮ್ಮಿಬ್ರ ಮಧ್ಯೆ ಏನೂ ಇಲ್ಲ ಅಕ್ಕ. ನೀವು ಕೂತ್ರೆ ನಮಗೆ ಪರೀಕ್ಷೆ ಅಂತ ಹೆದರಿಕೆ ಆಗುತ್ತೆ ನೋಡಿ, ಅದಕ್ಕೇ ಹಿಗ್ಗೋದು." ನಾನು ಅವಳಿಗೆ ಮಜ್ಜಿಗೆ ಕೊಡಲು ಒಳಗೆ ಹೋದೆ. ಅಡುಗೆಮನೆಯಲ್ಲಿ ಲೋಟ ಹಿಡಿದು ನಿಂತಾಗ ಹೊಳೆಯಿತು. ಹೆದರಿಕೆಗೆ ನಮ್ಮೂರ ದಾರಿ ಹಿಗ್ಗುವುದಿಲ್ಲ. ಇಪ್ಪತ್ತಾರು ವರ್ಷದಲ್ಲಿ ಹೆದರದೆ ಬಂದವರನ್ನು ನಾನು ನೋಡಿಯೇ ಇಲ್ಲ. ಹಿಗ್ಗಿಸಿದ್ದು ನಾನು. ಅಯ್ಯೋ, ನಾನೇ.

ಆದರೂ ಹೊರಗೆ ಬಂದು, "ಇರಬಹುದಮ್ಮ, ಹೆದರಿಕೆ ಇರಬಹುದು. ಮಜ್ಜಿಗೆ ಕುಡಿ" ಅಂದೆ. ಅವಳು ನಂಬಿ, ಕುಡಿದು, ಲೋಟ ತೊಳೆದಿಟ್ಟು ಹೋದಳು. ನನ್ನ ಬಗ್ಗೆ ನಾನು ನಾಚಿಕೊಂಡ ದಿನ ಅದು. ಹೇಳಿದರೆ ಕೆಲಸ ಹೋಗುತ್ತೆ ಅನ್ನುವ ಯೋಚನೆ ಬಂದದ್ದು ನಿಜ, ಆದರೆ ಬಾಯಿ ಕಟ್ಟಿಸಿದ್ದು ಅದಲ್ಲ. ಸುಮ್ಮನಿದ್ದರೆ ತುಂಗಿ ಇನ್ನೊಂದು ವರ್ಷ ಕೆರೆ ಬೀದಿಯಲ್ಲೇ ಇರುತ್ತಾಳೆ. ಐವತ್ತೆರಡು ಭಾನುವಾರ. ಅಷ್ಟಕ್ಕೆ ಆಸೆಪಟ್ಟೆ.

ಮೂರನೇ ಸೋಮವಾರ. ತಿಪ್ಪೇಶ ಸ್ಟಿಯರಿಂಗು ಹಿಡಿದಿದ್ದ, ಪಕ್ಕದಲ್ಲಿ ಮಂದಾಕಿನಿ, ಹಿಂದೆ ನಾನು. ಒಂದನೇ ಕಲ್ಲು ಬರುವುದಕ್ಕೇ ಎರಡು ಕಿಲೋಮೀಟರಾಯಿತು. ಐದನೇ ಕಲ್ಲು ಪೇಟೆಯ ಚೌಕದಲ್ಲಿದೆ. ಅಲ್ಲಿಗೆ ಬಂದಾಗ ಮೀಟರು ಒಂಬತ್ತು ತೋರಿಸುತ್ತಿತ್ತು. ಮುಂದೆ ಈರುಳ್ಳಿ ಲಾರಿಯೊಂದು ಅಡ್ಡ ನಿಂತು ದಾರಿ ಕಟ್ಟಿಹೋಗಿತ್ತು. ಇಂಜಿನ್ ತಾನಾಗಿ ಆರಿತು, ಕಾರೊಳಗೆ ಸದ್ದೇ ಇಲ್ಲ. ಮಂದಾಕಿನಿ ಗಂಡನ ಕಡೆ ತಿರುಗಿದಳು. "ರೀ, ಇವತ್ತು ನನಗೆ ಹೆದರಿಕೆ ಇಲ್ಲ, ಆದ್ರೂ ಹಿಗ್ತಿದೆ. ನಿಮಗೆ ಮಗು ಬೇಡ ಅಂದ್ರೆ ಈಗ್ಲೇ ಹೇಳಿಬಿಡಿ. ನನಗೋಸ್ಕರ ಒಪ್ಕೊಂಡಿದ್ರೆ ಹೇಳಿ. ನಾನು ಬೇಜಾರು ಮಾಡ್ಕೊಳ್ಳಲ್ಲ."

"ನನಗೆ ಬೇಡ್ವಾ?" ತಿಪ್ಪೇಶನ ದನಿ ಒಡೆಯಿತು. "ಆ ಕೊಠಡಿಗೆ ಮೂರು ಸಲ ಸುಣ್ಣ ಹೊಡೆದೋನು ಯಾರು? ನೀನೇ ಹೇಳು ಮಂದಾ. ಹೊಟ್ಟೇಲಿ ಹುಟ್ಟಿದ್ದಲ್ಲ ಅಂತ ನಿನಗೇ ಒಳಗೊಳಗೆ ಏನೋ ಇದೆ. ನಮ್ಮಿಬ್ರಲ್ಲಿ ಒಬ್ರು ಇದನ್ನ ಹಾಳು ಮಾಡ್ತಾ ಇದೀವಿ, ಅದು ನಾನಂತೂ ಅಲ್ಲ." ಅವಳು ಟೇಪನ್ನು ಬೆರಳಿಗೆ ಸುತ್ತಿ ಸುತ್ತಿ, ಕಣ್ಣೀರು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ಕೂತಳು. ಹನ್ನೊಂದು ವರ್ಷ ಚೆನ್ನಾಗಿದ್ದ ಇಬ್ಬರು ನನ್ನ ಕಣ್ಣೆದುರಿಗೆ ಒಬ್ಬರನ್ನೊಬ್ಬರು ಅನುಮಾನಿಸುತ್ತಿದ್ದರು. ಮಗು ಸಿಗುವುದಿರಲಿ, ಇವರು ಮನೆಗೆ ವಾಪಸ್ ಹೋಗುವುದೇ ಕಷ್ಟ ಅನ್ನಿಸಿತು.

"ನಿಮ್ಮಿಬ್ರಲ್ಲಿ ಯಾರೂ ಅಲ್ಲ," ಅಂದೆ. "ನಾನು."

ಇಬ್ಬರೂ ಹಿಂದೆ ತಿರುಗಿದರು. ಹೇಳಲು ಶುರು ಮಾಡಿದ ಮೇಲೆ ನಿಲ್ಲಲಿಲ್ಲ. "ತುಂಗೀನ ನೀವು ಕರ್ಕೊಂಡು ಹೋಗೋದು ನನಗೆ ಇಷ್ಟ ಇಲ್ಲ. ನೀವು ಒಳ್ಳೆಯವರು. ಅದಕ್ಕೇ ಇನ್ನೂ ಸಿಟ್ಟು. ಕೆಟ್ಟವರಾಗಿದ್ರೆ ಸಮಾಧಾನವಾಗಿ ಬೇಡ ಅಂತ ಬರೀತಿದ್ದೆ. ಎರಡು ವರ್ಷದಿಂದ ಆ ಮಗುವಿನ ತಲೆ ಬಾಚಿದೀನಿ. ಅದಕ್ಕೆ ಗಂಜಿ ಇಷ್ಟ, ಬೆಲ್ಲ ಹಾಕಬೇಕು. ಗುಡುಗಿಗೆ ಹೆದರಲ್ಲ, ಮಿಕ್ಸಿಗೆ ಹೆದರುತ್ತೆ. ಇದನ್ನೆಲ್ಲ ನಿಮಗೆ ಹೇಳಬಹುದಿತ್ತು, ಹೇಳಲಿಲ್ಲ. ಬೇಕಂತಲೇ ಹೇಳಲಿಲ್ಲ. ನನಗೆ ಇನ್ಯಾರೂ ಇಲ್ಲ ಕಣಮ್ಮ." ಅಷ್ಟು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ವಯಸ್ಸಾದ ಹೆಂಗಸು ಈರುಳ್ಳಿ ಲಾರಿಯ ಹಿಂದೆ ಕೂತು ಅಳುವುದು ನೋಡಲು ಚೆಂದವಲ್ಲ.

ಲಾರಿ ಸರಿಯಿತು. ಹಿಂದಿನವರು ಹಾರನ್ ಹೊಡೆದರು. ತಿಪ್ಪೇಶ ಕಾರು ಎತ್ತಿದ. ಮಂದಾಕಿನಿ ಮುಂದಿನ ಸೀಟಿನಿಂದ ಕೈ ಹಿಂದೆ ಚಾಚಿ ನನ್ನ ಮಂಡಿಯ ಮೇಲಿಟ್ಟಳು, ತೆಗೆಯಲಿಲ್ಲ. "ನಿಮಗೆ ಬೈಯ್ಯಬೇಕು ಅನ್ನಿಸ್ತಿದೆ ನನಗೆ," ಅಂದಳು. "ಬೈಯಮ್ಮ," ಅಂದೆ. "ಎರಡು ವಾರ ನಿದ್ದೆ ಇಲ್ಲ ನಮಗೆ. ಇವರ ಮೇಲೆ ಅನುಮಾನ ಪಡೋ ಹಾಗೆ ಮಾಡಿದ್ರಲ್ಲ. ನಿಮ್ಮ ಮಜ್ಜಿಗೆ ಬೇರೆ ಕುಡಿದೆ ನಾನು!" ಅಂದು ಅಳುತ್ತಲೇ ನಕ್ಕಳು. ಆರನೇ ಕಲ್ಲು ಬಂತು. ಅದರ ಹಿಂದೆಯೇ ಏಳನೆಯದು. ತಿಪ್ಪೇಶ ಕಣ್ಣು ಕಿರಿದು ಮಾಡಿಕೊಂಡು ಮೀಟರು ನೋಡಿದ, ಮತ್ತೆ ರಸ್ತೆ ನೋಡಿದ. ದಾರಿ ಹಿಗ್ಗುವುದನ್ನು ಸಾವಿರ ಸಲ ನೋಡಿದ್ದೆ, ಕುಗ್ಗುವುದನ್ನು ನೋಡಿರಲಿಲ್ಲ. ಐದನೇ ಕಲ್ಲಿನಿಂದ ಹನ್ನೆರಡನೆಯದಕ್ಕೆ ಬರೀ ನಾಲ್ಕು ಕಿಲೋಮೀಟರಿನಲ್ಲಿ ಬಂದೆವು. ಟ್ಯಾಂಕು ಆರುನೂರು ಮಿಲಿ ಹಿಡಿಯಿತು. ಲೀಟರಿಗೆ ಇಪ್ಪತ್ತು.

ಸೀಲು ಒತ್ತಿ, ಪುಸ್ತಕದಲ್ಲಿ ಮೊದಲೆರಡು ಸುತ್ತಿನ ಪಕ್ಕ, "ಹಿಗ್ಗಿದ್ದು ಅಳತೆಗಾರ್ತಿಯ ಕಾರಣದಿಂದ" ಅಂತ ಬರೆದು ಸಹಿ ಹಾಕಿದೆ. ಮೇಲಿನವರು ಓದಿ, ಕನ್ನಡಕ ತೆಗೆದು, "ಏನ್ರೀ ಇದು ಜಲಜಮ್ಮ" ಅಂದರು. ಗಾಡಿ ಹತ್ತುವ ಕೆಲಸ ಅಂದಿಗೆ ಮುಗಿಯಿತು. ಈಗ ಒಳಗಿನ ಮೇಜಿನಲ್ಲಿ ಕೂತು ಅರ್ಜಿಗಳಿಗೆ ದಾರ ಪೋಣಿಸುತ್ತೇನೆ. ಬೇಜಾರಿಲ್ಲ ಅಂದರೆ ಸುಳ್ಳು.

ಆ ಭಾನುವಾರವೂ ನಾನು ಮಕ್ಕಳ ಮನೆಗೆ ಹೋಗಲಿಲ್ಲ. ಅದರ ಮುಂದಿನ ಭಾನುವಾರ ತುಂಗಿಯನ್ನು ಕರೆದುಕೊಂಡು ಹೋಗುವ ದಿನ. ನಾನು ಹೋಗಬಾರದು ಅಂದುಕೊಂಡಿದ್ದೆ. ಹನ್ನೊಂದು ಗಂಟೆಗೆ ತಿಪ್ಪೇಶ ಬಾಗಿಲಿಗೆ ಬಂದ. "ಬನ್ನಿ ಅಕ್ಕ. ಮಗು ಕಾರು ಹತ್ತಲ್ಲ ಅಂತಿದೆ. ಯಾರು ಕೇಳಿದ್ರೂ ಮಾತಿಲ್ಲ." ಮೇಡಂ ಅನ್ನುತ್ತಿದ್ದವನು ಅಕ್ಕ ಅಂದ. ಹೋದೆ. ತುಂಗಿ ಮಕ್ಕಳ ಮನೆಯ ಮೆಟ್ಟಿಲ ಮೇಲೆ ಹೊಸ ಫ್ರಾಕು ಹಾಕಿಕೊಂಡು, ಕೆದರಿದ ತಲೆಯಲ್ಲಿ ಕೂತಿದ್ದಳು. ಬಾಚಲು ಯಾರಿಗೂ ಬಿಟ್ಟಿರಲಿಲ್ಲವಂತೆ. ನನ್ನನ್ನು ನೋಡಿ ಮುಖ ತಿರುಗಿಸಿದಳು. ಎತ್ತಿಕೊಂಡು ಹಿಂದಿನ ಸೀಟಿನಲ್ಲಿ ನನ್ನ ಮತ್ತು ಮಂದಾಕಿನಿಯ ನಡುವೆ ಕೂರಿಸಿದೆ. ಬೆನ್ನು ನನಗೆ, ಮುಖ ಮಂದಾಕಿನಿಗೆ.

ಮಕ್ಕಳ ಮನೆಯಿಂದ ಗಿರಣಿಗೆ ಮೂರು ಕಿಲೋಮೀಟರ್. ಬೆಳಿಗ್ಗೆಯೇ ಬ್ಯಾಟರಿ ಪೂರ್ತಿ ತುಂಬಿಸಿದ್ದರು. ಕಾರು ಸದ್ದಿಲ್ಲದೆ ಕೆರೆ ಬೀದಿಯಲ್ಲಿ ಹೊರಟಿತು, ಕೆರೆ ಬೀದಿ ಮುಗಿಯಲೇ ಇಲ್ಲ. ಕೆರೆಯ ಏರಿ ಬಂತು, ಬರುತ್ತಲೇ ಇತ್ತು. ಹತ್ತು ಕಿಲೋಮೀಟರಾಯಿತು, ಇಪ್ಪತ್ತಾಯಿತು. ನಲವತ್ತರ ಹತ್ತಿರ ಚಾರ್ಜು ಮುಗಿದು ಇಂಜಿನ್ ಗುರ್ ಅಂದಿತು. ಆಗ ತುಂಗಿ ಬಾಯಿ ಬಿಟ್ಟಳು. "ನೀನು ಬರಲೇ ಇಲ್ಲ. ಮೂರು ಭಾನುವಾರ." ಅವಳಿಗೆ ಮೂರರವರೆಗೆ ಎಣಿಸಲು ಕಲಿಸಿದ್ದು ನಾನೇ.

"ಬರಲಿಲ್ಲ ಕಂದ. ನೀನು ಇವರ ಮನೆಗೆ ಹೋಗಿಬಿಡ್ತೀಯ ಅಂತ ಸಿಟ್ಟು ಬಂದಿತ್ತು."

"ನನ್ನ ಮೇಲಾ?"

"ಹೂಂ. ನಿನ್ನ ಮೇಲೂ. ಈಗ ಇಲ್ಲ."

"ನನಗೆ ಇನ್ನೂ ಇದೆ," ಅಂದು, ಬೆನ್ನನ್ನು ನನ್ನ ಎದೆಗೆ ಒತ್ತಿಕೊಂಡು, ತಲೆಯನ್ನು ನನ್ನ ಕೈಗೆ ಕೊಟ್ಟಳು. ಮಂದಾಕಿನಿ ಚೀಲದಿಂದ ಬಾಚಣಿಗೆ ತೆಗೆದು ನನಗೆ ಕೊಟ್ಟಳು. ತಿಪ್ಪೇಶ ಪೆಟ್ರೋಲಿನ ಮುಳ್ಳು ನೋಡಿದ, ಕನ್ನಡಿಯಲ್ಲಿ ನಮ್ಮನ್ನು ನೋಡಿದ, ಹೊರಗಿನ ಏರಿಯನ್ನು ನೋಡಿದ. ಆವತ್ತಿನ ಲೆಕ್ಕಕ್ಕೆ ಆ ಕಾರು ಲೀಟರಿಗೆ ಒಂದೂ ಕೊಡುತ್ತಿರಲಿಲ್ಲ. ನಾನು ಸಿಕ್ಕು ಬಿಡಿಸುತ್ತಾ, ಇನ್ನೊಂದು ಸ್ವಲ್ಪ ಹೊತ್ತು ಮುನಿಸಿಕೊಂಡಿರಲಿ ದೇವರೇ, ಇನ್ನೊಂದು ಸ್ವಲ್ಪ ಹೊತ್ತು, ಅಂತ ಬೇಡಿಕೊಂಡೆ.